ನಾಗಕ್ಕನ ಕರೀ ಕೇಕು

ನಾಗಕ್ಕ ಹಗೆ ಇಟ್ಟುಕೊಳ್ಳುವ ಹೆಂಗಸು, ಒಮ್ಮೆ ಮನಸ್ಸಿಗೆ ಹಚ್ಚಿಕೊಂಡರೆ ಬಿಡುವವಳಲ್ಲ ಎಂದು ಕೊಟ್ಟೂರಿನಲ್ಲಿ ಈಗಲೂ ಹೇಳುವವರಿದ್ದಾರೆ. ನಿಜವೇ. ಆದರೆ ಹಾಗೆ ಹೇಳುವವರಲ್ಲಿ ಒಬ್ಬರೂ ಹನ್ನೊಂದು ವರ್ಷ ಇನ್ನೊಬ್ಬರ ತಟ್ಟೆ ಉಜ್ಜಿದವರಲ್ಲ. ಉಂಡವನಿಗೇನು ಗೊತ್ತು ಹಸಿದವನ ಸಂಕಟ? ಅವರ ಮಾತು ಬಿಡಿ, ನಡೆದದ್ದು ಕೇಳಿ.

ಕೂಡ್ಲಿಗಿಯಿಂದ ಕೊಟ್ಟೂರಿಗೆ ಹೋಗುವಾಗ ಡಾಂಬರು ರಸ್ತೆ ಬಿಟ್ಟು ಒಂದು ಮೈಲಿ ಒಳಗೆ ನಡೆದರೆ ಸಿಗುವ ಮ್ಯಾಸಬೇಡರ ಹಟ್ಟಿ ಅವಳದು. ಮೂವತ್ತು ಮನೆ, ನಡುವೆ ದೇವರಿಗೆ ಬಿಟ್ಟ ದನಗಳನ್ನು ಕೂಡುವ ರೊಪ್ಪ, ಪಕ್ಕದಲ್ಲಿ ಮುಳ್ಳುಬೇಲಿಯ ಗುಡಿ ಅಂಗಳ. ಆ ಹಟ್ಟಿಯಲ್ಲಿ ಕೋಳಿ ಕೂಗಿ ಬೆಳಗಾಗುವುದಿಲ್ಲ. ಮ್ಯಾಸ ಮಂದಿ ಕೋಳಿ ತಿನ್ನುವುದಿಲ್ಲ, ಸಾಕುವುದಿಲ್ಲ, ದಾರಿ ತಪ್ಪಿ ಬಂದ ಕೋಳಿಯನ್ನೂ ಹಟ್ಟಿಯೊಳಗೆ ಬಿಟ್ಟುಕೊಳ್ಳುವುದಿಲ್ಲ. ಕುರಿ ತಿಂದಾರು, ಮೊಲ ತಿಂದಾರು, ಕೋಳಿ ಮಾತ್ರ ಇಲ್ಲ. ಕೋಳಿಯೇ ಇಲ್ಲವೆಂದ ಮೇಲೆ ಮೊಟ್ಟೆ ಎಲ್ಲಿಂದ ಬರಬೇಕು? ನಾಗಕ್ಕನಿಗೆ ವಯಸ್ಸು ನಲವತ್ತರ ಹತ್ತಿರ ಬಂದಿದ್ದರೂ ಮೊಟ್ಟೆ ಒಡೆದರೆ ಒಳಗೆ ಏನಿರುತ್ತದೆ, ಅದು ಹೇಗೆ ನಾರುತ್ತದೆ ಎನ್ನುವುದು ಗೊತ್ತಿರಲಿಲ್ಲ. ಇದನ್ನು ನೆನಪಿಡಿ, ಯಾಕೆಂದರೆ ಎಲ್ಲ ಅನಾಹುತಕ್ಕೂ ಇದೇ ಕಾರಣ.

ಗಂಡ ಸತ್ತ ವರ್ಷವೇ ಅವಳು ಕೊಟ್ಟೂರಿನ ಗುರುಸಂಗಪ್ಪನ ಬೇಕರಿಯಲ್ಲಿ ತಟ್ಟೆ ತೊಳೆಯುವ ಕೆಲಸಕ್ಕೆ ಸೇರಿದಳು. ಆಗ ಮಗಳು ದುರ್ಗಾ ಎಂಟು ವರ್ಷದವಳು. ಬೆಳಗಿನ ಮೊದಲ ಬಸ್ಸಿಗೆ ಹೋಗಿ ಸಂಜೆ ಬಸ್ಸಿಗೆ ಮರಳುವುದು. ಗುರುಸಂಗಪ್ಪ ಹಣೆ ತುಂಬ ವಿಭೂತಿ ಧರಿಸುವ, ಗಿರಾಕಿ ಚಿಕ್ಕ ಹುಡುಗನಾದರೂ 'ಬರ್ರಿ' ಎನ್ನುವ ಮನುಷ್ಯ. ಬೋರ್ಡಿನ ಮೇಲೆ 'ಶುದ್ಧ ಸಸ್ಯಾಹಾರಿ' ಎಂದು ಕೆಂಪಕ್ಷರದಲ್ಲಿ ಬರೆಸಿದ್ದ. ಮೊಟ್ಟೆ ಹಾಕದ ಚಾಕ್ಲೇಟ್ ಕೇಕು ಎಂದರೆ ಅವನದೇ. ಹಡಗಲಿ, ಹರಪನಹಳ್ಳಿಯವರೆಗೂ ಅದು ಬಸ್ಸಿನಲ್ಲಿ ಡ್ರೈವರನ ಪಕ್ಕ ಕುಳಿತು ಹೋಗುತ್ತಿತ್ತು. ಮಠಕ್ಕೆ ನಡೆದುಕೊಳ್ಳುವ, ಮೊಟ್ಟೆ ಮುಟ್ಟದ ಮನೆಗಳವರು ಕಣ್ಣು ಮುಚ್ಚಿ ತಿನ್ನುತ್ತಿದ್ದರು. ಗುರುಸಂಗಪ್ಪನ ಮನೆಯವರು ಮಾತ್ರ ಒಂದು ತುಂಡೂ ತಿನ್ನುತ್ತಿರಲಿಲ್ಲ. ಸಕ್ಕರೆ ಆಗಿಬರುವುದಿಲ್ಲ ಎನ್ನುತ್ತಿದ್ದ.

ಕೇಕಿನ ಹಿಟ್ಟನ್ನು ಅವನು ಹಿಂದಿನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ತಾನೇ ಕಲಸುತ್ತಿದ್ದ. ಬೀಗದ ಕೈ ಅವನ ಉಡಿದಾರದಲ್ಲಿ. ನಾಗಕ್ಕನ ಪಾಲಿಗೆ ಬರುತ್ತಿದ್ದುದು ಬೋಗುಣಿ ಮತ್ತು ತಟ್ಟೆಗಳು. ಅವುಗಳಿಗೆ ಹತ್ತಿದ ಹಳದಿ ಲೋಳೆ, ಒಂದು ಬಗೆಯ ಹಸಿ ವಾಸನೆ. ಸೋಡಾಪುಡಿ ಚೆಲ್ಲಿ, ಹಿಂಡಿ ಎಸೆದ ನಿಂಬೆ ಹೋಳಿನಿಂದ ಉಜ್ಜಿದರೆ ಬುಸ್ಸೆಂದು ನೊರೆ ಎದ್ದು ಎಲ್ಲ ಬಿಟ್ಟುಕೊಳ್ಳುತ್ತಿತ್ತು. ಕೇಕು ಎಂದರೆ ಹೀಗೇ ನಾರುತ್ತದೆ ಎಂದುಕೊಂಡಿದ್ದಳು.

ತೊಂಬತ್ತಾರನೇ ಇಸವಿಯ ಬೇಸಿಗೆ. ಎಣ್ಣೆ ಗಿರಣಿಯ ಮನೆತನದ ಹಿರಿಯಳು ಅನ್ನದಾನಮ್ಮ, ಅರ್ಧ ಕೇಕು ಕೈಯಲ್ಲಿ ಹಿಡಿದುಕೊಂಡೇ ಬೇಕರಿಗೆ ನುಗ್ಗಿದಳು. ಹಿಂದೆ ಸೊಸೆ ಸುಮಲತಾ. ಮೊಮ್ಮಗನ ಹುಟ್ಟುಹಬ್ಬಕ್ಕೆ ಒಯ್ದ ಕೇಕಿನಲ್ಲಿ ಅನ್ನದಾನಮ್ಮನ ಹಲ್ಲಿಗೆ ಉಗುರಿನಷ್ಟು ಬಿಳೀ ಚೂರು ಸಿಕ್ಕಿತ್ತು.

"ಏನೋ ಗುರುಸಂಗಪ್ಪ ಇದು? ನಮ್ಮ ಬಾಯಾಗ ಮೊಟ್ಟಿ ಸಿಪ್ಪಿ ಹಾಕ್ತೀಯೇನೋ?"

ಅಂಗಡಿಯಲ್ಲಿ ಹತ್ತು ಹನ್ನೆರಡು ಜನ. ಗುರುಸಂಗಪ್ಪನ ಮುಖ ಬಿಳಿಚಿಕೊಂಡಿತು. ಅವನ ಕಣ್ಣು ಅಂಗಡಿಯ ಸುತ್ತ ಒಂದು ಸುತ್ತು ಹೊಡೆದು, ನಳದ ಹತ್ತಿರ ಕುಕ್ಕರಗಾಲಿನಲ್ಲಿ ಕೂತು ತಟ್ಟೆ ಉಜ್ಜುತ್ತಿದ್ದ ನಾಗಕ್ಕನ ಮೇಲೆ ಬಂದು ನಿಂತಿತು.

"ಅವ್ವಾರೆ, ನಂದು ತಪ್ಪಿಲ್ರಿ. ಆಕಿ ಅದಾಳಲ್ರಿ, ಬೇಡರ ನಾಗಿ. ದಿನಾ ಬುತ್ತ್ಯಾಗ ಮೊಟ್ಟಿ ಕುದಿಸ್ಕೊಂಡು ಬರ್ತಾಳ್ರಿ. ಆ ಮಂದಿ ಏನ್ ಬಿಟ್ಟಾರ್ರಿ, ಎಲ್ಲಾ ತಿಂತಾರ. ತಿಂದ ಕೈಲೇ ನನ್ನ ಹಿಟ್ಟು ಮುಟ್ಯಾಳ!"

ಹೇಳಿದವನೇ ಮೂಲೆಯಲ್ಲಿದ್ದ ಅವಳ ಬುತ್ತಿ ಗಂಟನ್ನು ಎತ್ತಿ ಬೀದಿಗೆ ಎಸೆದ. ಗಂಟು ಬಿಚ್ಚಿಕೊಂಡಿತು. ಒಳಗಿದ್ದುದು ಎರಡು ಜೋಳದ ರೊಟ್ಟಿ, ಗುರೆಳ್ಳು ಪುಡಿ. ಎಲ್ಲರೂ ನಾಗಕ್ಕನ ಮುಖ ನೋಡುತ್ತಿದ್ದರೇ ಹೊರತು ಬೀದಿಯಲ್ಲಿ ಬಿದ್ದ ರೊಟ್ಟಿ ನೋಡಿದವರು ಒಬ್ಬರೂ ಇಲ್ಲ. ಅನ್ನದಾನಮ್ಮ ಥೂ ಎಂದು ಅವಳ ಕಡೆ ಉಗಿದಳು. ನಾಗಕ್ಕ ಬಾಯಿ ತೆರೆಯುವಷ್ಟರಲ್ಲಿ ಗುರುಸಂಗಪ್ಪ ಅವಳ ತೋಳು ಹಿಡಿದು ಮೆಟ್ಟಿಲು ಇಳಿಸಿದ್ದ. ಸಂಜೆಗೆ ಗೋಮೂತ್ರ ತರಿಸಿ ಅಂಗಡಿ ತೊಳೆಸಿದನಂತೆ. ಅನ್ನದಾನಮ್ಮನ ಸಿಟ್ಟು ಇಳಿಯಿತಂತೆ.

ಬಸ್ಸಿನಲ್ಲಿ ಕೂತು ನಾಗಕ್ಕ ತನ್ನ ಕೈ ಮೂಸಿ ನೋಡಿಕೊಂಡಳು. ಆಗ ಹೊಳೆಯಿತು. ಆ ಹಳದಿ ಲೋಳೆ ಏನೆಂದು, ಆ ಬೀಗದ ಕೋಣೆ ಯಾಕೆಂದು, ಆ ವಾಸನೆ ಯಾತರದೆಂದು ಒಟ್ಟಿಗೇ ಹೊಳೆಯಿತು. ಹನ್ನೊಂದು ವರ್ಷ ಅವಳ ಕೈಯಿಂದ ಮೊಟ್ಟೆ ಮುಟ್ಟಿಸಿ, ಈಗ ಅವಳೇ ತಂದಳು ಎನ್ನುತ್ತಾನೆ. ಮೈಯೆಲ್ಲ ಉರಿ ಎದ್ದಿತು. ಪಕ್ಕದಲ್ಲಿ ಕೂತವಳು 'ಜ್ವರ ಬಂದೈತೇನಬೇ' ಎಂದು ಕೇಳಿದಳು.

ಅವಳು ಹಟ್ಟಿ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ಕೊಟ್ಟೂರಿಗೆ ಬಂದಿದ್ದ ಹಟ್ಟಿಯ ಇಬ್ಬರು ಬೇಕರಿ ಮುಂದೆ ನಿಂತು ಎಲ್ಲ ಕೇಳಿದ್ದರು. ಗುಡಿ ಅಂಗಳದ ಬೇಲಿಯ ಹೊರಗೇ ಅವಳನ್ನು ನಿಲ್ಲಿಸಿ ಹಟ್ಟಿಯ ಯಜಮಾನ ಬೊಮ್ಮಪ್ಪ ಕೇಳಿದ:

"ಮೊಟ್ಟಿ ಮುಟ್ಟೀಯೇನ್ ನಾಗಕ್ಕ?"

ಇಲ್ಲ ಎಂದಿದ್ದರೆ ಅರ್ಧ ಜನ ನಂಬುತ್ತಿದ್ದರೋ ಏನೋ. ಸುಳ್ಳು ಹೇಳುವ ಜಾಯಮಾನ ಅವಳದಲ್ಲ.

"ಮುಟ್ಟೀನಿ ಯಜಮಾನ. ಹನ್ನೊಂದು ವರ್ಸ ಆ ತಟ್ಟಿ ಉಜ್ಜೀನಿ. ಆದ್ರ ಅದು ಮೊಟ್ಟಿ ಅಂತ ನಂಗ ಇವತ್ತ ಗೊತ್ತಾಗಿದ್ದು."

ಬೊಮ್ಮಪ್ಪ ಕೆಟ್ಟವನಲ್ಲ. ಆದರೆ ಕಟ್ಟು ಎಂದರೆ ಕಟ್ಟು. "ಅರೀದ ಮುಟ್ಟಿದ್ರ ಮೈ ತೊಳ್ಕೊಂಡು ಭಂಡಾರ ಹಚ್ಕೊಂಡು ಒಳಗ ಬರಬಹುದು. ಅರಿತು ಮುಟ್ಟಿದ್ರ ಬರಂಗಿಲ್ಲ. ನಾ ಅರೀಲಿಲ್ಲ ಅಂತ ನೀನ ಹೇಳಿದ್ರ ನಡಿಯಂಗಿಲ್ಲವ್ವ. ಮುಟ್ಟಿಸಿದವನ ಬಾಯಿಂದ ಬರಬೇಕು. ಆ ಸಾವ್ಕಾರ ಇಲ್ಲಿ ನಿಂತು ಹೇಳ್ಲಿ."

ಅಲ್ಲಿಯವರೆಗೆ ಗುಡಿ ಅಂಗಳ ಇಲ್ಲ, ಹಟ್ಟಿಯವರಿಂದ ಬೆಂಕಿ ಇಲ್ಲ, ಹಾಲು ಮಜ್ಜಿಗೆ ಬೆಣ್ಣೆ ಏನೂ ಇಲ್ಲ. ಇದನ್ನೆಲ್ಲ ನಾಗಕ್ಕ ಹಲ್ಲುಕಚ್ಚಿ ತಡೆದುಕೊಂಡಾಳು. ತಡೆಯಲಾಗದ್ದು ಒಂದಿತ್ತು. ದುರ್ಗಾಳಿಗೆ ಆಚೆ ಹಟ್ಟಿಯ ಪಾಲಾಕ್ಷನ ಜೊತೆ ಮಾತಾಗಿತ್ತು. ಮದುವೆ ಆಗಬೇಕಾದದ್ದು ಆ ಅಂಗಳದಲ್ಲೇ. ಹುಡುಗನ ಕಡೆಯವರು ಮರ್ಯಾದಸ್ತರು, ಮುರಿಯಲಿಲ್ಲ. "ಎಲ್ಡು ವರ್ಸ ಕಾಯ್ತೀವಿ. ಅಷ್ಟರಾಗ ನಿನ್ನ ಹೆಸರು ತೊಳ್ಕೋ" ಎಂದು ಹೇಳಿ ಎದ್ದು ಹೋದರು. ದುರ್ಗಾ ಒಳಗೆ ಗೋಡೆಗೆ ಮುಖ ಮಾಡಿ ಕೂತಿದ್ದಳು, ಅಳುತ್ತಿರಲಿಲ್ಲ. ಅತ್ತಿದ್ದರೆ ನಾಗಕ್ಕನಿಗೆ ಅಷ್ಟು ಸಂಕಟವಾಗುತ್ತಿರಲಿಲ್ಲ.

ಮರುದಿನ ಅವಳು ಗುರುಸಂಗಪ್ಪನ ಕಾಲಿಗೆ ಬಿದ್ದಳು. ಜೀವಮಾನದಲ್ಲಿ ಒಬ್ಬರ ಕಾಲಿಗೆ ಬಿದ್ದದ್ದು ಅದೊಂದೇ ಸಲ. "ಸಾವ್ಕಾರ್ರೆ, ನಮ್ಮ ಹಟ್ಟಿಗೆ ಬಂದು ಒಂದ್ ಮಾತು ಹೇಳ್ರಿ ಸಾಕು. ನಿಮ್ಮ ಅಂಗಡಿ ವಿಚಾರ ನಾ ಯಾರ ಮುಂದೂ ಎತ್ತಂಗಿಲ್ಲ."

"ನಾ ಬಂದು ಹೇಳಿದ್ರ ನನ್ನ ಅಂಗಡಿ ಉಳಿತೈತೇನ?" ಗುರುಸಂಗಪ್ಪ ಮೆಲ್ಲಗೆ, ಬುದ್ಧಿ ಹೇಳುವವನ ಹಾಗೆ ಹೇಳಿದ. "ಹೋಗವ್ವ. ನಿಮ್ಮ ಹಟ್ಟ್ಯಾಗ ಏನಾದ್ರೂ ಮಾಡ್ಕೊಳ್ರಿ. ಬೇಡರಿಗೂ ಮಡಿ ಐತಿ ಅಂತ ನಂಗೇನ್ ಗೊತ್ತು?" ಹೇಳಿ ನಕ್ಕ.

ಆ ನಗು ಅವಳ ಎದೆಯಲ್ಲಿ ಕೂತುಬಿಟ್ಟಿತು. ಕೂಡ್ಲಿಗಿಯ ಕಡೆ ಶೇಂಗಾ ಬಿಡಿಸಲು ಹೋಗಲಿ, ಸಜ್ಜೆ ಕೊಯ್ಯಲು ಹೋಗಲಿ, ಕೈ ಕೆಲಸದಲ್ಲಿ, ಮನಸ್ಸು ಗುರುಸಂಗಪ್ಪನ ಮೇಲೆ. ಅಂಗಡಿಗೆ ಬೆಂಕಿ ಇಡಲೇ? ಇಟ್ಟರೆ ಜೈಲಿಗೆ ಹೋಗುವವಳು ತಾನು, ಮರುಕ ಗಿಟ್ಟುವುದು ಅವನಿಗೆ. ಊರ ತುಂಬ ಕೂಗಿ ಹೇಳಲೇ? ಬೇಡರ ನಾಗಿಯ ಮಾತು ಯಾರು ನಂಬುತ್ತಾರೆ? ಹಾಗೆ ಯೋಚಿಸುತ್ತ ಯೋಚಿಸುತ್ತ ಒಂದು ದಿನ ಅವಳಿಗೆ ಬುಡಕ್ಕೇ ಕೈ ಹಾಕುವ ದಾರಿ ಕಂಡಿತು. ಕೊಟ್ಟೂರಿನ ಮಂದಿಗೆ ಮೊಟ್ಟೆ ಇಲ್ಲದ ಕೇಕು ಹೇಗಿರುತ್ತದೆಂದೇ ಗೊತ್ತಿಲ್ಲ. ಅವರು ಒಂದು ದಿನವೂ ಅದನ್ನು ತಿಂದವರಲ್ಲ. ಗೊತ್ತಾದರೆ ಇವನ ಕೇಕು ತಾನಾಗಿ ಬಾಯಿ ಬಿಡುತ್ತದೆ.

ಸರಿ, ಮಾಡಬೇಕು. ಹೇಗೆ ಮಾಡಬೇಕು? ಮೊಟ್ಟೆಯಂತೂ ಮುಟ್ಟುವಂತಿಲ್ಲ. ಹಾಲು, ಬೆಣ್ಣೆ ಹಟ್ಟಿಯಲ್ಲಿ ಯಾರೂ ಕೊಡುವುದಿಲ್ಲ. ಉಳಿದದ್ದು ಮೈದಾ, ಸಕ್ಕರೆ, ಎಣ್ಣೆ, ನೀರು. ಕೋಕೋ ಪುಡಿ ಕೊಟ್ಟೂರಿನಲ್ಲಿ ಕೊಂಡರೆ ಸುದ್ದಿ ಹಬ್ಬುತ್ತದೆಂದು ಹಗರಿಬೊಮ್ಮನಹಳ್ಳಿಯವರೆಗೂ ಹೋಗಿ ತಂದಳು. ಅಲ್ಯುಮಿನಿಯಂ ಪಾತ್ರೆಗೆ ಹಳ್ಳದ ಮರಳು ತುಂಬಿ, ಒಲೆಯ ಮೇಲೆ ಕಾಯಿಸಿ, ಅದರೊಳಗೆ ಹಿಟ್ಟಿನ ತಟ್ಟೆ ಇಟ್ಟು ಮುಚ್ಚಿ, ಮುಚ್ಚಳದ ಮೇಲೆ ಕಲ್ಲು ಹೇರಿದಳು. ಮೊದಲ ಕೇಕು ಕಲ್ಲಿಗಿಂತ ಗಟ್ಟಿ. ಎರಡನೆಯದು ಮೇಲೆ ಸೀದು ಒಳಗೆ ಹಸಿ. ಮೂರನೆಯದಕ್ಕೆ ಸೋಡಾ ಸುರಿದಳು, ಕಹಿ ವಿಷ. ದುರ್ಗಾ ಬಾಯಿಗಿಟ್ಟು ಉಗುಳಿ, "ಅವ್ವಾ, ಇದನ್ನ ಆ ಗುರುಸಂಗಪ್ಪಗ ತಿನ್ಸು, ಸೇಡು ಅಲ್ಲಿಗೇ ತೀರ್ತೈತಿ" ಎಂದಳು. ಎಷ್ಟೋ ತಿಂಗಳ ಮೇಲೆ ಅವತ್ತು ತಾಯಿ ಮಗಳು ನಕ್ಕರು.

ಒಂದು ಸಂಜೆ ಸೀದ ಪಾತ್ರೆಯನ್ನು ಸೋಡಾ ಹಾಕಿ ನಿಂಬೆಯಿಂದ ಉಜ್ಜುತ್ತಿದ್ದಳು. ನೊರೆ ಬುಸ್ಸೆಂದು ಎದ್ದಿತು. ನಾಗಕ್ಕ ಕೈ ನಿಲ್ಲಿಸಿ ನೊರೆಯನ್ನೇ ನೋಡಿದಳು. ಹಿಟ್ಟನ್ನು ಎಬ್ಬಿಸಬೇಕಾದದ್ದು ಇದೇ ಅಲ್ಲವೇ? ಹನ್ನೊಂದು ವರ್ಷ ದಿನಕ್ಕೆ ನೂರು ಸಲ ನೋಡಿದ್ದಾಳೆ! ಮೈದಾ, ಸಕ್ಕರೆ, ಕೋಕೋ, ಚಿಟಿಕೆ ಉಪ್ಪು, ಒಂದು ಚಮಚ ಸೋಡಾ ಒಣಗಿದ್ದಾಗಲೇ ಜರಡಿ ಹಿಡಿದು ಬೆರೆಸಿದಳು. ನಡುವೆ ಬೆರಳಿನಿಂದ ಮೂರು ಗುಂಡಿ ತೋಡಿದಳು. ದೊಡ್ಡದಕ್ಕೆ ಸೂರ್ಯಕಾಂತಿ ಎಣ್ಣೆ, ಇನ್ನೊಂದಕ್ಕೆ ನಿಂಬೆ ರಸ, ಸಣ್ಣದಕ್ಕೆ ನಾಲ್ಕು ಹನಿ ವೆನಿಲಾ. ಮೇಲೆ ತಣ್ಣೀರು ಸುರಿದು ಗರಗರ ತಿರುವಿ, ನೊರೆ ಸಾಯುವ ಮೊದಲೇ ಕಾದ ಮರಳಿನೊಳಗೆ ಇಟ್ಟಳು. ಮುಕ್ಕಾಲು ತಾಸಿಗೆ ಮುಚ್ಚಳ ತೆಗೆದು ಪೊರಕೆ ಕಡ್ಡಿ ಚುಚ್ಚಿದರೆ ಕಡ್ಡಿ ಒಣಗಿ ಬಂತು. ಎರೆಮಣ್ಣಿನಂಥ ಕರಿ, ಒತ್ತಿದರೆ ಮೆತ್ತಗೆ, ಬಾಯಲ್ಲಿ ಇಟ್ಟರೆ ನಿಂಬೆಯ ಸುಳಿವೂ ಇಲ್ಲ, ಬರೀ ಚಾಕ್ಲೇಟು. ದುರ್ಗಾ ಒಂದರ ಮೇಲೊಂದು ಮೂರು ತುಂಡು ತಿಂದಳು. ನಾಗಕ್ಕ ತಟ್ಟೆಯನ್ನು ಮೂಸಿದಳು. ಆ ಹಸಿ ವಾಸನೆ ಇರಲಿಲ್ಲ. ಸಿಕ್ಕಿಬಿದ್ದೆಯಲ್ಲೋ ಗುರುಸಂಗಪ್ಪ ಎಂದು ಜೋರಾಗಿಯೇ ಅಂದಳು.

ಮುಂದಿನ ಸೋಮವಾರ ಬೆಳಿಗ್ಗೆ ಅನ್ನದಾನಮ್ಮನ ಮನೆ ಎದುರು, ಬೀದಿಯ ಆಚೆ ಬೇವಿನ ಮರದ ಕೆಳಗೆ ನಾಗಕ್ಕ ಸೀಮೆಎಣ್ಣೆ ಸ್ಟೌ ಹೊತ್ತಿಸಿ ಕೂತಳು. ಬೇರೆ ಮನೆ ಇರಲಿಲ್ಲವೇ? ಇದ್ದವು. ಉಗಿದವಳ ಮನೆ ಎದುರೇ ಆಗಬೇಕಿತ್ತು.

"ಏ, ಯಾಕ ಬಂದಿ ಇಲ್ಲಿಗೆ?" ಅನ್ನದಾನಮ್ಮ ಕಟ್ಟೆಯ ಮೇಲಿಂದಲೇ ಗದರಿಸಿದಳು.

"ಬೀದಿ ನಿಮ್ದಲ್ರಿ ಅವ್ವಾರೆ. ನೀವು ತಿನ್ನಬ್ಯಾಡ್ರಿ, ಮುಟ್ಟಬ್ಯಾಡ್ರಿ. ಬರೀ ನೋಡ್ರಿ."

ಮೈದಾ ತೋರಿಸಿದಳು, ಎಣ್ಣೆ ತೋರಿಸಿದಳು, ಗುಂಡಿ ತೋಡಿದಳು, ನಿಂಬೆ ಹಿಂಡಿದಳು. ಬೆಂದ ಮೇಲೆ ಅಲ್ಲೇ ಆಡುತ್ತಿದ್ದ ಮಕ್ಕಳಿಗೆ ಹಂಚಿ, ಪಾತ್ರೆ ತೊಳೆದುಕೊಂಡು ಬಸ್ಸು ಹತ್ತಿದಳು. ಎರಡನೇ ಸೋಮವಾರ ಸುತ್ತಲೂ ಹೆಂಗಸರು ನೆರೆದಿದ್ದರು. ಮೂರನೇ ಸೋಮವಾರ ಸೊಸೆ ಸುಮಲತಾ ಅತ್ತೆಯ ಮುಖ ನೋಡಿ, ಏನೂ ಹೇಳಲಿಲ್ಲವೆಂದು ಧೈರ್ಯ ಮಾಡಿ, ತನ್ನದೇ ಬೋಗುಣಿ, ತನ್ನದೇ ಹಿಟ್ಟು, ತಮ್ಮ ಗಿರಣಿಯ ಎಣ್ಣೆ ತಂದು ಕಟ್ಟೆಯ ಮೇಲಿಟ್ಟಳು.

"ನೀ ಮುಟ್ಟಬ್ಯಾಡ ನಾಗಕ್ಕ. ಅಲ್ಲೇ ನಿಂತು ಹೇಳು. ನಾ ಕಲಸ್ತೀನಿ."

ಇದೇ ಪದ್ಧತಿ ಆಗಿಬಿಟ್ಟಿತು. ಕೈ ಮನೆಯವರದು, ಮಾತು ನಾಗಕ್ಕನದು. ಮುಟ್ಟಲಿಲ್ಲವೆಂದ ಮೇಲೆ ಮೈಲಿಗೆಯ ಮಾತಿಲ್ಲ, ಕಣ್ಣೆದುರೇ ಮಾಡಿದ ಮೇಲೆ ಅನುಮಾನದ ಮಾತಿಲ್ಲ. ಇಂಥ ಕಡೆ ಕಟ್ಟೆಯ ಕೆಳಗೆ ನಿಂತು ಹೇಳಿಕೊಡುವುದು ಅವಳಿಗೆ ಹಿತವಾಗಿತ್ತೆಂದು ತಿಳಿಯಬೇಡಿ. ಪ್ರತಿ ಸಲವೂ ಅವಮಾನ ನುಂಗಿ, "ಬೇಗ ತಿರುವ್ರಿ, ನೊರಿ ಸತ್ರ ಕೇಕ್ ಸಾಯ್ತೈತಿ" ಎನ್ನುತ್ತಿದ್ದಳು. ಒಂದು ಮನೆಯಿಂದ ಇನ್ನೊಂದು ಮನೆಗೆ ಕರೆ ಬಂತು. ಒಂದು ಸೇರು ಜೋಳವೋ, ಒಂದಿಷ್ಟು ಶೇಂಗಾವೋ ಕೊಡುತ್ತಿದ್ದರು. ತಂಬ್ರಹಳ್ಳಿಯಿಂದ ಸಹ ಒಬ್ಬರು ಕರೆದರು. ಇಷ್ಟಾಗುವ ಹೊತ್ತಿಗೆ ಒಂದೂವರೆ ವರ್ಷ ಕಳೆದಿತ್ತು. ಪಾಲಾಕ್ಷನ ಕಡೆಯವರ ಗಡುವಿಗೆ ಉಳಿದದ್ದು ಆರೇ ತಿಂಗಳು.

ಅನ್ನದಾನಮ್ಮ ಮಾತ್ರ ನಾಗಕ್ಕ ಹೇಳಿಕೊಟ್ಟದ್ದನ್ನು ಬಾಯಿಗಿಟ್ಟಿರಲಿಲ್ಲ. ಹಬ್ಬ ಹುಣ್ಣಿಮೆಗೆ ಬೇಕರಿಯಿಂದಲೇ ತರಿಸುತ್ತಿದ್ದಳು. ಆಕೆಯ ಮೂಗು, ನಾಲಿಗೆ ಎರಡೂ ಊರಿಗೇ ಹೆಸರುವಾಸಿ. ಸಾರಿಗೆ ಒಂದು ಹರಳು ಉಪ್ಪು ಹೆಚ್ಚಾದರೂ ಪಡಸಾಲೆಯಲ್ಲಿ ಕೂತೇ ಹೇಳುವವಳು. ಶಿವರಾತ್ರಿ ಮುಗಿದ ವಾರ ಒಂದು ದಿನ ಸುಮಲತಾ ಒಂದೇ ತಟ್ಟೆಯಲ್ಲಿ ಎರಡು ತುಂಡು ತಂದಿಟ್ಟಳು, ಒಂದು ಬೇಕರಿಯದು, ಒಂದು ತಾನು ಮಾಡಿದ್ದು. ನಾಗಕ್ಕ ಕಟ್ಟೆಯ ಕೆಳಗೆ ಬೇವಿನ ನೆರಳಲ್ಲಿ ನಿಂತಿದ್ದಳು.

ಅನ್ನದಾನಮ್ಮ ಸೊಸೆಯದನ್ನು ತಿಂದಳು. ನೀರು ಕುಡಿದಳು. ಬೇಕರಿಯದನ್ನು ಮೂಗಿನ ಹತ್ತಿರ ಒಯ್ದವಳು ಅಲ್ಲೇ ನಿಂತಳು. ಮತ್ತೆ ಸೊಸೆಯದನ್ನು ಮೂಸಿದಳು. ಮತ್ತೆ ಬೇಕರಿಯದನ್ನು.

"ಸುಮಾ, ಈ ವಾಸ್ನಿ ಏನಬೇ ಇದು? ಕೇಕ್ ಅಂದ್ರ ಹಿಂಗ ನಾರ್ತೈತಿ ಅಂತ ತಿಳ್ಕೊಂಡಿದ್ದೆ. ನಿಂದ್ರಾಗ ಇಲ್ಲಲ್ಲ?"

"ನಂದ್ರಾಗ ಮೊಟ್ಟಿ ಇಲ್ರಿ ಅತ್ತಿ."

ಅನ್ನದಾನಮ್ಮ ಎದ್ದು ಕಟ್ಟೆಯ ತುದಿಗೆ ಬಂದು ನಾಗಕ್ಕನನ್ನು ಕೇಳಿದಳು: "ನೀ ಆ ಅಂಗಡಿ ಬಿಟ್ಟು ಎಷ್ಟು ದಿನ ಆತು?"

"ಇವತ್ತಿಗೆ ಎಲ್ಡು ವರ್ಸಕ್ಕ ಮೂರು ತಿಂಗಳು ಕಡಿಮಿ ಐತ್ರಿ."

ಅನ್ನದಾನಮ್ಮ ಲೆಕ್ಕ ಹಾಕಿದಳು. ಮೊಟ್ಟೆ ತಂದಳೆಂದು ಓಡಿಸಿಕೊಂಡವಳು ಅಂಗಡಿ ಬಿಟ್ಟು ಅಷ್ಟು ದಿನವಾಗಿದೆ, ವಾಸನೆ ಇನ್ನೂ ಅದೇ. ಹಾಗಾದರೆ ಹನ್ನೊಂದು ವರ್ಷ ತಿಂದದ್ದು? ಆಮೇಲೆ ತಿಂದದ್ದು? ಆಕೆ ಎದ್ದು ಬಚ್ಚಲಿಗೆ ಹೋದಳು. ಓಕರಿಸುವ ಸದ್ದು ಬೀದಿಗೆ ಕೇಳಿಸಿತು. ನಾಗಕ್ಕನಿಗೆ ಪಾಪ ಅನ್ನಿಸಲಿಲ್ಲ. ಹಾಯಾಯಿತು.

ಹೊರಗೆ ಬಂದ ಅನ್ನದಾನಮ್ಮ ಮೆಟ್ಟು ಹಾಕಿಕೊಂಡು ಬಜಾರಿಗೆ ಹೊರಟೇಬಿಟ್ಟಿದ್ದಳು. ನಾಗಕ್ಕ ಅಡ್ಡ ನಿಂತಳು.

"ಬ್ಯಾಡ್ರಿ ಅವ್ವಾರೆ. ಈಗ ಹೋಗಿ ಕೇಳಿದ್ರ ಇನ್ನೊಬ್ಬಾಕಿ ಹೆಸರು ಹೇಳ್ತಾನ. ಆಕಿನೂ ನನ್ನಂಗ ಬೀದಿಗೆ ಬೀಳ್ತಾಳ. ಅವನ ಬಾಯಿಂದಾನ ಕೇಳ್ರಿ. ನಾ ಕೇಳಿಸ್ತೀನಿ."

ಗುರುಸಂಗಪ್ಪನ ಅಂಗಡಿಯಲ್ಲಿ ಅಷ್ಟು ಹೊತ್ತಿಗಾಗಲೇ ಕೇಕಿನ ಕಪಾಟಿನ ಗಾಜಿಗೆ ಧೂಳು ಕೂರುತ್ತಿತ್ತು. ಬ್ರೆಡ್ಡು, ಖಾರಾ ಬೂಂದಿಯಲ್ಲಿ ದಿನ ತಳ್ಳುತ್ತಿದ್ದ. ನಾಗಕ್ಕ ಅಲ್ಲಿಗೆ ಹೋಗಿ ಮೆಟ್ಟಿಲ ಕೆಳಗೆ ನಿಂತು, ಯಾರೂ ಇಲ್ಲದ ಹೊತ್ತು ನೋಡಿ ಹೇಳಿದಳು:

"ಸಾವ್ಕಾರ್ರೆ, ನಂಗೂ ಸಾಕಾಗೈತಿ. ಮಗಳ ಮದಿವಿ ನಿಂತೈತಿ. ನೀವು ನಮ್ಮ ಹಟ್ಟಿಗೆ ಬಂದು ನಮ್ಮ ಮಂದಿ ಮುಂದ ನಿಜ ಹೇಳ್ರಿ. ಹೇಳಿದ್ರ, ಇನ್ಮ್ಯಾಲೆ ನಾ ಕೊಟ್ಟೂರಾಗ ಯಾರ ಮನಿಗೂ ಕೇಕ್ ಹೇಳ್ಕೊಡಾಕ ಬರಂಗಿಲ್ಲ. ದೇವರ ಎತ್ತಿನ ಆಣಿ."

ಗುರುಸಂಗಪ್ಪ ತೂಗಿ ನೋಡಿದ. ಅಡವಿಯಂಥ ಜಾಗ, ಮೂವತ್ತು ಮನೆ, ತನ್ನ ಗಿರಾಕಿ ಒಬ್ಬನೂ ಅಲ್ಲಿಲ್ಲ. ಅಲ್ಲಿ ಹೇಳಿದ್ದು ಅಲ್ಲಿಯೇ ಮಣ್ಣಾಗುತ್ತದೆ. ಅಲ್ಲಿಯವರದೂ ಒಂದು ಬಾಯಿ, ಅವರ ಮಾತಿಗೂ ಒಂದು ಬೆಲೆ ಎಂದು ಅವನಿಗೆ ಆಗಲೂ ಅನ್ನಿಸಲಿಲ್ಲ. "ಆಗ್ಲಿ ನಾಗಕ್ಕ, ಪುಣ್ಯದ ಕೆಲಸ" ಎಂದ. ನಾಗಿ ಹೋಗಿ ನಾಗಕ್ಕ ಆಗಿದ್ದಳು.

ಗುರುವಾರ ಮಧ್ಯಾಹ್ನ ಅವನು ಮೊಪೆಡ್ ಮೇಲೆ ಹಟ್ಟಿಗೆ ಬಂದ. ಅವನಿಗಿಂತ ಎರಡು ತಾಸು ಮೊದಲೇ ಗಿರಣಿಯ ಜೀಪು ಬಂದು, ಬಾರೆಹಣ್ಣಿನ ಗಿಡಗಳ ಹಿಂದೆ ನಿಂತಿತ್ತು. ಅನ್ನದಾನಮ್ಮ, ಸುಮಲತಾ, ಕೊಟ್ಟೂರಿನ ಇನ್ನೂ ನಾಲ್ಕು ಮನೆಗಳ ಹಿರಿಯ ಹೆಂಗಸರು ಗುಡಿ ಅಂಗಳಕ್ಕೆ ಅಂಟಿಕೊಂಡಿದ್ದ ಬೊಮ್ಮಪ್ಪನ ಮನೆಯ ಒಳಗೆ, ಅರ್ಧ ತೆರೆದ ಬಾಗಿಲ ಹಿಂದೆ ಕಂಬಳಿಯ ಮೇಲೆ ಕೂತಿದ್ದರು. ನಾಗಕ್ಕ ಬೇಲಿಯ ಹೊರಗೆ, ಎರಡು ವರ್ಷ ನಿಂತ ಜಾಗದಲ್ಲೇ ನಿಂತಳು.

ಬೊಮ್ಮಪ್ಪ ಕೇಳಿದ: "ಸಾವ್ಕಾರ್ರೆ, ಈಕಿ ಮೊಟ್ಟಿ ಅರಿತು ಮುಟ್ಯಾಳೋ, ಅರೀದ ಮುಟ್ಯಾಳೋ?"

"ಪಾಪ, ಆಕಿಗೇನೂ ಗೊತ್ತಿಲ್ರಿ." ಗುರುಸಂಗಪ್ಪ ಬೆವರು ಒರೆಸಿಕೊಂಡ. ಬೇಗ ಮುಗಿಸಿ ಹೋಗುವ ಆತುರ. "ಮೊಟ್ಟಿ ನಾನ ಹಾಕ್ತಿದ್ದೆ. ಬಾಗಲಾ ಹಾಕ್ಕೊಂಡು ಹಾಕ್ತಿದ್ದೆ. ಬೀಗದ ಕೈ ನನ್ನ ಹಂತ್ಯಾಕ ಇರ್ತಿತ್ತು. ತಟ್ಟಿ ತೊಳಿಯೋದಷ್ಟ ಆಕಿ ಕೆಲಸ."

"ಈಕಿ ಬುತ್ತ್ಯಾಗ ಮೊಟ್ಟಿ ತರ್ತಿದ್ಲು ಅಂದಿದ್ರಂತ?"

"ಸುಳ್ಳು ಹೇಳಿದ್ನಿರಿ. ಬಾಯಿಗೆ ಬಂತು, ಅಂದೆ."

"ಎಷ್ಟು ದಿನದಿಂದ ಹಾಕ್ತಿದ್ರಿ?" ಇದನ್ನು ಕೇಳಿದವಳು ನಾಗಕ್ಕ.

ಅವನು ಅವಳ ಕಡೆ ತಿರುಗಿ ಹಲ್ಲು ಬಿಟ್ಟ. "ನಿಂಗ್ಯಾಕವ್ವ ಅದು? ಅಂಗಡಿ ಇಟ್ಟ ದಿನದಿಂದ. ಮೊಟ್ಟಿ ಹಾಕದ ಕೇಕ್ ಏಳ್ತೈತೇನ? ಆ ಶೀಲವಂತರಿಗೆ ಮೆತ್ತಗೂ ಇರಬೇಕು, ಮೊಟ್ಟಿನೂ ಇರಬಾರದು. ಬಾಯಿ ಚಪ್ಪರಿಸಿ ತಿಂತಿದ್ರು ನೋಡು!"

ಬೊಮ್ಮಪ್ಪನ ಮನೆಯ ಬಾಗಿಲು ಪೂರ್ತಿ ತೆರೆಯಿತು. ಅನ್ನದಾನಮ್ಮ ಹೊಸ್ತಿಲ ಮೇಲೆ ನಿಂತಿದ್ದಳು. ಹಿಂದೆ ಉಳಿದವರು. ಗುರುಸಂಗಪ್ಪ ಒಬ್ಬೊಬ್ಬರ ಮುಖವನ್ನೂ ನೋಡಿದ. ಎಲ್ಲರೂ ಅವನ ಗಿರಾಕಿಗಳೇ. ಕೈ ಜೋಡಿಸಿದ.

"ಚಪ್ಪರಿಸಿ ತಿಂದ್ವಿ ಗುರುಸಂಗಪ್ಪ," ಎಂದಳು ಅನ್ನದಾನಮ್ಮ. "ಖರೇನ ಹೇಳಿದಿ. ಇದನ್ನ ಹಿಂಗ ಮಠದಾಗ ಹೇಳೂವಂತಿ, ಬಾ."

ಅವನು ನಾಗಕ್ಕನ ಹತ್ತಿರ ಓಡಿ ಬಂದ. ಬೇಲಿಯ ಮುಳ್ಳು ಧೋತರಕ್ಕೆ ಸಿಕ್ಕಿ ಹರಿಯಿತು. "ನೀ ಆಣಿ ಮಾಡಿದ್ಯಲ್ಲವ್ವ! ಹಿಂಗ ಮಾಡಬೌದಾ?"

"ಆಣಿ ತಪ್ಪಂಗಿಲ್ಲ ಸಾವ್ಕಾರ್ರೆ. ಇನ್ಮ್ಯಾಲೆ ನಾ ಕೊಟ್ಟೂರಾಗ ಯಾರಿಗೂ ಹೇಳ್ಕೊಡಂಗಿಲ್ಲ. ಹೇಳ್ಕೊಡೋದು ಏನ್ ಉಳಿದೈತ್ರಿ? ಮನಿಮನಿ ಹೆಣ್ಮಕ್ಕಳು ಕಲ್ತಾರ."

"ತಪ್ಪಾತು ನಾಗಕ್ಕ. ನಾ ಮಕ್ಕಳು ಮರಿ ಇರಾಂವ. ಹೊಟ್ಟಿ ಮ್ಯಾಲೆ ಹೊಡಿಬ್ಯಾಡ." ಈಗ ಬಗ್ಗಿದವನು ಅವನು. ಅವಳು ಎರಡು ಹೆಜ್ಜೆ ಹಿಂದೆ ಸರಿದಳು. ಅವನ ಕೈ ತನ್ನ ಪಾದಕ್ಕೆ ತಾಕಬಾರದು. ಮೊಟ್ಟೆ ಒಡೆದ ಕೈ ಅದು.

"ಒಳಗ ಬಾರವ್ವ ನಾಗಕ್ಕ," ಎಂದ ಬೊಮ್ಮಪ್ಪ.

ಅವಳು ತಲೆಯ ಮೇಲೆ ಬಿಂದಿಗೆ ನೀರು ಸುರಿದುಕೊಂಡು, ಒದ್ದೆ ಸೀರೆಯಲ್ಲೇ ಬೇಲಿ ದಾಟಿದಳು. ದುರ್ಗಾ ಬಂದು ಅವಳ ಸೆರಗು ಹಿಡಿದುಕೊಂಡಳು. ಎರಡು ವರ್ಷ ಮಾತು ಬಿಟ್ಟಿದ್ದ ಹೆಂಗಸರು ಜಾಗ ಬಿಟ್ಟು ಸರಿದರು, ಕೆಲವರು ಅಳುತ್ತಿದ್ದರು. ನಾಗಕ್ಕ ಹಣೆಗೆ ಭಂಡಾರ ಹಚ್ಚಿಕೊಂಡು ದೇವರ ಮುಂದೆ ಮಂಡಿಯೂರಿ ಬಹಳ ಹೊತ್ತು ಕೈ ಮುಗಿದಳು. ಮಗಳ ಮದುವೆ ಸಸೂತ್ರ ಆಗಲೆಂದು ಬೇಡುತ್ತಿದ್ದಾಳೆ ಎಂದು ಎಲ್ಲರೂ ಅಂದುಕೊಂಡರು. ಅನ್ನದಾನಮ್ಮ, ಕ್ಷಮಿಸುವ ಮನಸ್ಸು ಕೊಡೆಂದು ಕೇಳುತ್ತಿದ್ದಾಳೇನೋ ಎಂದುಕೊಂಡು ಕಣ್ಣೊರೆಸಿಕೊಂಡಳು.

ರಾತ್ರಿ ದುರ್ಗಾ ಕೇಳಿದಾಗ ನಾಗಕ್ಕ ಮುಚ್ಚಿಡಲಿಲ್ಲ. "ಆ ಗುರುಸಂಗಪ್ಪಗ ನೂರು ವರ್ಸ ಆಯುಸ್ಸು ಕೊಡಪ್ಪ ಅಂದೆ. ಮೈ ಗಟ್ಟಿ ಇಡು, ಕಣ್ಣು ಕಿವಿ ಚೆಂದ ಇರ್ಲಿ. ದಿನಾ ಮುಂಜಾನಿ ಆ ಅಂಗಡಿ ಬಾಗಲಾ ತಗದು ಕುಂದರ್ಲಿ, ಗಿರಾಕಿ ಒಬ್ರೂ ಬರೋದು ಬ್ಯಾಡ ಅಂದೆ."